ಧಣಿಗಳು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು

(ಹಂಗಾರಕಟ್ಟೆಯ ಸಭೆಯಲ್ಲಿ ಆಡಿದ ಮಾತು)



ದೊಡ್ಡ ಉದ್ಯಮಿಗಳ ಭ್ರಷ್ಟಾಚಾರದ ಬಗ್ಗೆ ಮಾತಾಡಿ ಅಂತ ಹೇಳಿದ್ದೀರಿ. ಈ ವಿಷಯ ಎತ್ತಿದ ಕೂಡಲೆ ಒಂದು ಪ್ರಶ್ನೆ ಏಳ್ತದೆ. ಇದು ನಮಗ್ಯಾಕೆ? ಸಾವಿರ ಕೋಟಿ ಮುಳುಗಿಸಿದವನ ಸುದ್ದಿ ದಿನಗೂಲಿಯವನಿಗೆ ಎಂತಕ್ಕೆ? ಅವರ ಬ್ಯಾಂಕು, ಅವರ ಕೋರ್ಟು, ಅವರೇ ನೋಡಿಕೊಳ್ಳಲಿ ಅಂತಾರೆ.

ನಾವು ಹೇಳೋದು ಇಷ್ಟೆ. ಮುಳುಗಿದ್ದು ಅವರ ದುಡ್ಡಲ್ಲ. ಅದರಲ್ಲಿ ನಮ್ಮದೂ ಇದೆ. ಆದ್ದರಿಂದ ಲೆಕ್ಕ ಕೇಳುವ ಹಕ್ಕೂ ನಮಗಿದೆ.

ನಮ್ಮ ಕರಾವಳಿ ಬ್ಯಾಂಕುಗಳ ತೊಟ್ಟಿಲು ಅಂತ ಭಾಷಣಗಳಲ್ಲಿ ಹೇಳ್ತಾರೆ. ಸುಳ್ಳಲ್ಲ. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯ್ತು. ಅದೇ ವರ್ಷ ಮಂಗಳೂರಲ್ಲಿ ಕೆನರಾ, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮತ್ತೆ ಮಂಗಳೂರಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಅಂತ ಒಂದು ಪದ್ಧತಿ ತಂದರು. ಏಜೆಂಟ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತಗೊಂಡು ಹೋಗ್ತಿದ್ದ. ಮೀನು ಮಾರುವವಳು, ನೇಕಾರ, ಬೀಡಿ ಕಟ್ಟುವವಳು ಬೆವರಿನ ಎರಡಾಣೆ ಕೊಟ್ಟರು. ದೊಡ್ಡ ದೊಡ್ಡ ಕಟ್ಟಡಗಳು ಎದ್ದದ್ದರಲ್ಲಿ ಆ ಎರಡಾಣೆಯೂ ಇದೆ.

ಬ್ಯಾಂಕು ಅಂದರೆ ಬೇರೆ ಏನೂ ಅಲ್ಲ. ಸಣ್ಣವರ ದುಡ್ಡನ್ನು ಒಟ್ಟು ಮಾಡಿ ದೊಡ್ಡವರಿಗೆ ಕೊಡುವ ಜಾಗ. ಜಮಾ ಮಾಡಿಕೊಳ್ಳುವಾಗ ಅಲ್ಲಿ ಯಾರೂ ಅಡವು ಕೇಳೋದಿಲ್ಲ. ಸಾಲ ಕೊಡುವಾಗ ಕೇಳ್ತಾರೆ. ನಮ್ಮವರ ಹೆಸರಲ್ಲಿ ಅಡವಿಡೋಕೆ ಭೂಮಿ ಇರಲಿಲ್ಲ. ಭೂಮಿ ಯಾಕೆ ಇರಲಿಲ್ಲ ಅಂತ ಬ್ಯಾಂಕಿನ ಅರ್ಜಿಯಲ್ಲಿ ಕಾಲಂ ಇಲ್ಲ. ಹೀಗಾಗಿ ಕೇರಿಯ ದುಡ್ಡು ಬ್ಯಾಂಕಿಗೆ ಹೋಯ್ತು, ಬ್ಯಾಂಕಿನ ದುಡ್ಡು ಕೇರಿಗೆ ಬರಲಿಲ್ಲ.

ಅದು ಎಲ್ಲಿಗೆ ಹೋಯ್ತು? 2025ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವೇ ಪಾರ್ಲಿಮೆಂಟಿಗೆ ಲೆಕ್ಕ ಕೊಟ್ಟಿತು. ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಪುಸ್ತಕದಿಂದ ತೆಗೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 9 ಲಕ್ಷ ಕೋಟಿಗೂ ಮಿಕ್ಕಿ ದೊಡ್ಡ ಕೈಗಾರಿಕೆ, ದೊಡ್ಡ ಸೇವಾ ಕಂಪೆನಿಗಳದು. ಪುಸ್ತಕದಿಂದ ತೆಗೆದರೆ ಸಾಲ ಮನ್ನಾ ಆದಂತಲ್ಲ, ವಸೂಲಿ ನಡೀತಾನೇ ಇರ್ತದೆ ಅಂತ ಸರಕಾರ ಹೇಳ್ತದೆ. ಇರಲಿ. ಆದರೆ ವಸೂಲಿ ನಡೆಯುವ ರೀತಿ ಕಾಣಿ. ಸಂಘದ ಸಾಲದ ಒಂದು ವಾರದ ಕಂತು ತಪ್ಪಿದ ಹೆಂಗಸಿನ ಮನೆ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗ್ತಾರೆ. ಹಾಗೆ ಕೂಗಿ ಕೂಗಿ ಜನ ಸತ್ತ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಸಾವಿರ ಕೋಟಿ ತಪ್ಪಿಸಿದವನ ಮನೆ ಬಾಗಿಲಲ್ಲಿ ಯಾರೂ ಕೂಗೋದಿಲ್ಲ. ಅವನಿಗೆ ಪಂಚತಾರಾ ಹೊಟೇಲಿನಲ್ಲಿ ಮೀಟಿಂಗು.

ಮಾತುಗಳೇ ಬೇರೆ. ನಮ್ಮವಳು ಕೊಡದಿದ್ದರೆ 'ಮೋಸ'. ಅವನು ಕೊಡದಿದ್ದರೆ 'ಅನುತ್ಪಾದಕ ಆಸ್ತಿ'. ಬ್ಯಾಂಕು ಅರ್ಧಕ್ಕರ್ಧ ಬಿಟ್ಟುಕೊಟ್ಟರೆ ಅದಕ್ಕೆ 'ಹೇರ್‌ಕಟ್' ಅಂತ ಹೆಸರು. ಅಂದರೆ ಕ್ಷೌರ. ಕ್ಷೌರ ಆಯ್ತು ಸರಿ, ತಲೆ ಯಾರದು? ಪಿಗ್ಮಿ ಕಟ್ಟಿದವಳದು. ಹೀಗೆ ಮೆತ್ತನೆಯ ಮಾತು ಹುಟ್ಟಿಸಿಕೊಂಡವರು ನಮಗೆ ಮಾತ್ರ ಮೋಸ ಮಾಡ್ತಾ ಇಲ್ಲ. ತಮಗೂ ಮಾಡಿಕೊಳ್ತಾರೆ. ನಮ್ಮ ಇವತ್ತಿನ ಮಾತು ಅದರ ಬಗ್ಗೆ.

ಧಣಿ ಕಳ್ಳ ಅಂತ ಬಯ್ಯೋದು ಸುಲಭ. ಬಯ್ದು ಮನೆಗೆ ಹೋದರೆ ಏನೂ ತಿಳಿದ ಹಾಗಾಗೋದಿಲ್ಲ. ಕತ್ತಲಲ್ಲಿ ಕನ್ನ ಹಾಕುವ ಕಳ್ಳನಿಗೆ ತಾನು ಕಳ್ಳ ಅಂತ ಗೊತ್ತು. ಈ ಧಣಿಗಳಿಗೆ ಅದೇ ಗೊತ್ತಿಲ್ಲ. ಅವರು ಮೊದಲು ತಮಗೇ ಒಂದು ಸುಳ್ಳು ಹೇಳಿಕೊಳ್ತಾರೆ, ಅದನ್ನ ನಂಬ್ತಾರೆ, ಆಮೇಲೆ ನಮ್ಮನ್ನ ನಂಬಿಸ್ತಾರೆ. ಅಂಥ ಸುಳ್ಳು ಮೂರು.

ಮೊದಲನೇ ಸುಳ್ಳು: ಇದನ್ನೆಲ್ಲ ನಾನೊಬ್ಬನೇ ಕಟ್ಟಿದೆ.

ನಮ್ಮ ಜಿಲ್ಲೆಯದೇ ಉದಾಹರಣೆ ತಗೊಳ್ಳುವ. ಕಾಪುವಿನ ಬಿ.ಆರ್. ಶೆಟ್ಟರು 1970ರ ದಶಕದಲ್ಲಿ ಅಬುಧಾಬಿಗೆ ಹೋದರು. ಬರಿಗೈಯಲ್ಲಿ ಹೋದವರು ಅಂತ ಕಥೆ. 1975ರಲ್ಲಿ ಎನ್‌ಎಂಸಿ ಅಂತ ಚಿಕಿತ್ಸಾಲಯ ಶುರುವಾಯ್ತು. ಅದು ಬೆಳೀತು, 2012ರಲ್ಲಿ ಲಂಡನ್ ಶೇರು ಪೇಟೆಗೆ ಹೋಯ್ತು, 2017ರಲ್ಲಿ ಅಲ್ಲಿಯ ಮೊದಲ ನೂರು ಕಂಪೆನಿಗಳ ಪಟ್ಟಿ ಸೇರಿತು. ಯುಎಇ ಎಕ್ಸ್‌ಚೇಂಜ್ ಅನ್ನುವ ಹಣ ಕಳಿಸುವ ಕಂಪೆನಿಯೂ ಅವರದೇ. ಗಲ್ಫಿನಲ್ಲಿ ಗಾರೆ ಕಲಸಿದ, ಹೊಟೇಲಿನಲ್ಲಿ ತಟ್ಟೆ ತೊಳೆದ ನಮ್ಮ ಊರಿನ ಹುಡುಗರು ಮನೆಗೆ ದುಡ್ಡು ಕಳಿಸುವಾಗ ಸಾಲು ನಿಂತದ್ದು ಇಂಥ ಕೌಂಟರುಗಳ ಮುಂದೆ. 2009ರಲ್ಲಿ ಪದ್ಮಶ್ರೀ. ಜಗತ್ತಿನ ಅತಿ ಎತ್ತರದ ಕಟ್ಟಡದಲ್ಲಿ ಎರಡು ಮಹಡಿ. 2017ರಲ್ಲಿ ಸಾವಿರ ಕೋಟಿ ಹಾಕಿ ಮಹಾಭಾರತದ ಸಿನಿಮಾ ಮಾಡ್ತೇವೆ ಅಂತ ಘೋಷಣೆ. ಊರೂರಲ್ಲಿ ಸನ್ಮಾನ, ಶಾಲು, ಹಾರ.

2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಅನ್ನುವ ಅಮೆರಿಕದ ಸಂಸ್ಥೆ ಲೆಕ್ಕದಲ್ಲಿ ಅನುಮಾನ ಇದೆ ಅಂತ ವರದಿ ಹಾಕಿತು. 2019ರ ಜೂನ್‌ನಲ್ಲಿ ಸುಮಾರು 210 ಕೋಟಿ ಡಾಲರ್ ಅಂತ ತೋರಿಸಿದ್ದ ಸಾಲ 2020ರ ಮಾರ್ಚ್ ಹೊತ್ತಿಗೆ 660 ಕೋಟಿ ಡಾಲರ್ ಅಂತ ಹೊರಗೆ ಬಂತು. ಉಳಿದದ್ದನ್ನ ಶೇರುದಾರರಿಗೆ ತಿಳಿಸಿರಲೇ ಇಲ್ಲ. ಏಪ್ರಿಲ್‌ನಲ್ಲಿ ಕಂಪೆನಿ ಲಂಡನ್ ಕೋರ್ಟು ನೇಮಿಸಿದ ಆಡಳಿತಗಾರರ ಕೈಗೆ ಹೋಯ್ತು. ಹಣ ಕಳಿಸುವ ಕಂಪೆನಿಯ ವಹಿವಾಟೂ ಅದೇ ಮಾರ್ಚ್‌ನಲ್ಲಿ ನಿಂತಿತು.

ಶೆಟ್ಟರು ಏನು ಹೇಳಿದರು? ನನ್ನ ಕೈಕೆಳಗಿನವರು ನನಗೆ ಮೋಸ ಮಾಡಿದರು, ನನ್ನ ಸಹಿ ಫೋರ್ಜರಿ ಮಾಡಿದರು ಅಂದರು. ಆ ಜಗಳ ಹಲವು ದೇಶಗಳ ಕೋರ್ಟುಗಳಿಗೆ ಹೋಯ್ತು. ಒಂದು ಪ್ರಕರಣದಲ್ಲಿ, ಸ್ಟೇಟ್ ಬ್ಯಾಂಕಿನ ಸಾಲಕ್ಕೆ ತಾನು ಜಾಮೀನು ಸಹಿ ಹಾಕಲೇ ಇಲ್ಲ ಅನ್ನುವ ಅವರ ಮಾತನ್ನು 2025ರ ಅಕ್ಟೋಬರಿನಲ್ಲಿ ದುಬೈನ ಕೋರ್ಟು ನಂಬಲಿಲ್ಲ. ಸುಮಾರು 4.6 ಕೋಟಿ ಡಾಲರ್ ಕಟ್ಟಿ ಅಂತ ತೀರ್ಪು ಕೊಟ್ಟಿತು. ಒಟ್ಟು ಸತ್ಯ ಏನು ಅಂತ ತೀರ್ಮಾನ ಮಾಡೋದು ಕೋರ್ಟಿನ ಕೆಲಸ. ನಮಗೆ ಕಾಣೋದು ಬೇರೆ. ಲಾಭ ಬಂದಾಗ 'ನಾನು ಕಟ್ಟಿದೆ' ಅನ್ನುವ ಮಾತು, ನಷ್ಟ ಬಂದಾಗ 'ಅವರು ಮಾಡಿದರು' ಆಗ್ತದೆ. ಗೆದ್ದಾಗ ಒಬ್ಬನೇ, ಸೋತಾಗ ಹತ್ತು ಜನ. ಇದು ಶೆಟ್ಟರೊಬ್ಬರ ಮಾತಲ್ಲ. ಎಲ್ಲ ಧಣಿಗಳ ಬಾಯಲ್ಲೂ ಇದೇ ವ್ಯಾಕರಣ.

ಇದರಿಂದ ಉಡುಪಿಗೆ ಏನಾಯ್ತು ಅಂತ ಕೇಳಿ. ಮೊದಲು ಹೇಳಿದ ಹಾಜಿ ಅಬ್ದುಲ್ಲಾ ಸಾಹೇಬರು ಹೆಂಗಸರ, ಮಕ್ಕಳ ಆಸ್ಪತ್ರೆಗೆ ಅಂತ ಉಡುಪಿ ಪೇಟೆಯ ನಡುವೆ ಜಾಗ ದಾನ ಕೊಟ್ಟಿದ್ದರು. ಆ ಸರಕಾರಿ ಆಸ್ಪತ್ರೆಯ ಜಾಗವನ್ನ ಸರಕಾರ ಶೆಟ್ಟರ ಸಂಸ್ಥೆಯ ಜೊತೆ ಸಹಭಾಗಿತ್ವ ಅಂತ ಕೊಟ್ಟಿತು. ಬೇಡ ಅಂತ ಜನ ಬೀದಿಗೆ ಇಳಿದರು, ಕೇಳಲಿಲ್ಲ. 2017ರ ನವೆಂಬರಿನಲ್ಲಿ 200 ಹಾಸಿಗೆಯ ಹೊಸ ಆಸ್ಪತ್ರೆ ಮುಖ್ಯಮಂತ್ರಿಗಳ ಕೈಯಿಂದ ಉದ್ಘಾಟನೆ ಆಯ್ತು. ಕಟ್ಟಡ ಚೆಂದವೇ ಇತ್ತು. ಬಡವರಿಗೆ ಉಚಿತ ಚಿಕಿತ್ಸೆಯೂ ಸಿಕ್ಕಿತು. ಅದನ್ನ ಅಲ್ಲ ಅನ್ನೋದಿಲ್ಲ. ಆದರೆ ಅಬುಧಾಬಿಯಲ್ಲಿ ಲೆಕ್ಕ ತಪ್ಪಿದ ಮೇಲೆ ಉಡುಪಿಯಲ್ಲಿ ದಾದಿಯರ, ಆಯಾಗಳ ಸಂಬಳ ನಿಂತಿತು. ಅವರು ಆಸ್ಪತ್ರೆಯ ಎದುರು ಧರಣಿ ಕೂತರು. ಕಡೆಗೆ ಸರಕಾರವೇ ಅದನ್ನ ವಾಪಸ್ ತಗೊಂಡು ನಡೆಸಬೇಕಾಯ್ತು.

ಹೆರಿಗೆ ನೋವು ಬಂದ ಹೆಂಗಸಿಗೆ ಲಂಡನ್ ಶೇರು ಪೇಟೆಯ ಸುದ್ದಿ ಯಾಕೆ ಅಂತ ಕೇಳಿದಿರಲ್ಲ? ಇದಕ್ಕೇ. ಧಣಿಯ ದಯೆಯ ಮೇಲೆ ನಿಂತ ಆಸ್ಪತ್ರೆ ಧಣಿಯ ಜೊತೆಗೇ ಅಲ್ಲಾಡ್ತದೆ. ಹಕ್ಕು ಅಂತ ಸಿಗಬೇಕಾದ್ದು ಉಪಕಾರ ಅಂತ ಸಿಕ್ಕಿದರೆ ಅದನ್ನ ಕಿತ್ತುಕೊಳ್ಳೋದು ಬಹಳ ಸುಲಭ.

ಎರಡನೇ ಸುಳ್ಳು: ಈ ಒಂದು ವರ್ಷ ಮಾತ್ರ, ಮುಂದಿನ ವರ್ಷ ಸರಿ ಮಾಡ್ತೇನೆ.

ಹೈದರಾಬಾದಿನ ರಾಮಲಿಂಗ ರಾಜು ಅವರ ಕಂಪೆನಿಯ ಹೆಸರು ಸತ್ಯಂ. 2008ರ ಸೆಪ್ಟೆಂಬರಿನಲ್ಲಿ ಅದಕ್ಕೆ ಒಳ್ಳೆಯ ಆಡಳಿತಕ್ಕಾಗಿ ಬಂಗಾರದ ನವಿಲಿನ ಪ್ರಶಸ್ತಿ ಬಂತು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು: ಬ್ಯಾಂಕಿನಲ್ಲಿದೆ ಅಂತ ತೋರಿಸಿದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ನಾಲ್ಕು ತಿಂಗಳ ಹಿಂದೆ ನವಿಲು, ಈಗ ಹುಲಿ. ಹುಲಿ ಸವಾರಿ ಮಾಡ್ತಾ ಇದ್ದೆ, ಇಳಿದರೆ ಅದು ತಿಂದುಬಿಡ್ತದೆ ಅನ್ನುವ ಅರ್ಥದ ಮಾತು ಆ ಪತ್ರದಲ್ಲಿತ್ತು.

ಇದು ಹೇಗೆ ನಡೀತದೆ ಅಂತ ತಿಳಿಯಬೇಕು. ಒಂದು ವರ್ಷ ಲಾಭ ಸ್ವಲ್ಪ ಕಡಿಮೆ. ಶೇರಿನ ಬೆಲೆ ಬೀಳಬಾರದು ಅಂತ ಸ್ವಲ್ಪ ಕೂಡಿಸಿ ಬರೀತಾರೆ. ಮುಂದಿನ ವರ್ಷ ಆ ಸುಳ್ಳಿನ ಲಾಭಕ್ಕಿಂತ ಹೆಚ್ಚು ತೋರಿಸಬೇಕು. ಅಂದರೆ ಹಳೆಯ ಸುಳ್ಳನ್ನೂ ಕಾಪಾಡಬೇಕು, ಹೊಸದನ್ನೂ ಸೇರಿಸಬೇಕು. ಹೀಗೆ ವರ್ಷ ವರ್ಷ. ಬಡ್ಡಿ ಸಾಲಕ್ಕೆ ಮಾತ್ರ ಅಲ್ಲ, ಸುಳ್ಳಿಗೂ ಬೆಳೀತದೆ. ಕಡೆಗೆ ಆ ತೂತು ಮುಚ್ಚೋಕೆ ತಮ್ಮ ಮನೆಯವರದೇ ಇನ್ನೊಂದು ಕಂಪೆನಿಯನ್ನ ಸತ್ಯಂ ದುಡ್ಡಲ್ಲಿ ಕೊಳ್ಳೋಕೆ ಹೊರಟರು. ಅದರ ಹೆಸರು ಮೇಟಾಸ್. ಇಂಗ್ಲಿಷಿನಲ್ಲಿ ಸತ್ಯಂ ಅನ್ನುವುದನ್ನ ಹಿಂದುಮುಂದು ಬರೆದರೆ ಮೇಟಾಸ್ ಆಗ್ತದೆ. ಸತ್ಯವನ್ನ ತಿರುಗಿಸಿ ಹೆಸರಿಟ್ಟವರಿಗೆ ಅದು ಕಣ್ಣಿಗೆ ಕಾಣಲಿಲ್ಲ. 2015ರ ಏಪ್ರಿಲ್‌ನಲ್ಲಿ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಜಾಮೀನು ಸಿಕ್ಕಿತು.

ಇದೇ ರಾಜು 2005ರಲ್ಲಿ ಆಂಧ್ರದಲ್ಲಿ 108 ಆಂಬುಲೆನ್ಸ್ ಶುರು ಮಾಡಿದವರು. ಆ ಗಾಡಿ ಎಷ್ಟೋ ಜೀವ ಉಳಿಸಿದೆ. ಕೆಟ್ಟವರು ಕೆಟ್ಟದ್ದನ್ನೇ ಮಾಡ್ತಾರೆ ಅಂತಿದ್ದಿದ್ದರೆ ನಮಗೆ ಗುರುತು ಹಿಡಿಯೋದು ಸುಲಭ ಇತ್ತು. ಒಳ್ಳೆಯದು ಮಾಡಿದ ಕೈಯೇ ಸುಳ್ಳು ಲೆಕ್ಕ ಬರೀತದೆ. ಒಳ್ಳೆಯದು ಮಾಡಿದ್ದೇನಲ್ಲ ಅನ್ನುವುದೇ ಸುಳ್ಳು ಬರೆಯೋಕೆ ಧೈರ್ಯ ಕೊಡ್ತದೆ.

ಅದೇ ಮೂರನೇ ಸುಳ್ಳು: ದಾನ ಮಾಡಿದ್ದೇನೆ, ಲೆಕ್ಕ ಚುಕ್ತಾ.

ಬಳ್ಳಾರಿಯ ಜನಾರ್ದನ ರೆಡ್ಡಿ 2009ರಲ್ಲಿ ತಿರುಪತಿಗೆ ವಜ್ರದ ಕಿರೀಟ ಕೊಟ್ಟರು. ಬೆಲೆ ನಲವತ್ತು ಕೋಟಿಗೂ ಮೇಲೆ ಅಂತ ಪತ್ರಿಕೆಗಳು ಬರೆದವು. ಎರಡು ವರ್ಷದ ಮೇಲೆ, 2011ರ ಜುಲೈಯಲ್ಲಿ, ನಮ್ಮ ಜಿಲ್ಲೆಯ ನಿಟ್ಟೆಯವರಾದ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ಸಿಬಿಐ ರೆಡ್ಡಿಯವರನ್ನ ಬಂಧಿಸಿತು. 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ 7 ವರ್ಷ ಶಿಕ್ಷೆಯಾಯ್ತು. ಜೂನ್‌ನಲ್ಲಿ ಹೈಕೋರ್ಟು ಅದನ್ನ ಅಮಾನತಿನಲ್ಲಿಟ್ಟಿತು. ನಡುವೆ 2016ರ ನವೆಂಬರ್ ನೆನಪು ಮಾಡಿಕೊಳ್ಳಿ. ನೋಟು ರದ್ದಾಗಿ ನಾವೆಲ್ಲ ನಮ್ಮದೇ ದುಡ್ಡಿಗೆ ಬಿಸಿಲಲ್ಲಿ ಸಾಲು ನಿಂತಿದ್ದೆವು. ಅದೇ ವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಮಗಳ ಮದುವೆ, ಸೆಟ್ಟು ಹಾಕಿ ನಡೀತು.

ಗಣಿಯ ಮಣ್ಣು ಹೊತ್ತ ಕೂಲಿಯ ಲೆಕ್ಕ ದೇವರ ಹುಂಡಿಯಲ್ಲಿ ಬರೋದಿಲ್ಲ. ಕದ್ದ ಅದಿರು ಯಾರದು? ರಾಜ್ಯದ ಜನರದು. ಕಿರೀಟ ಯಾರ ತಲೆಗೆ ಹೋಯ್ತು? ತಿಮ್ಮಪ್ಪನ ತಲೆಗೆ. ಹೆಸರು ಯಾರಿಗೆ ಬಂತು? ಕೊಟ್ಟವನಿಗೆ. ಇದನ್ನ ದಾನ ಅನ್ನೋದಾದರೆ ನಮ್ಮ ಗೂಡಿನ ಕೋಳಿ ಹಿಡಿದು ನಮಗೇ ಸಾರು ಬಡಿಸುವುದನ್ನೂ ದಾನ ಅನ್ನಬೇಕು.

ವಿಜಯ್ ಮಲ್ಯರ ಮನೆತನ ಬಂಟ್ವಾಳದ್ದು. 1998ರಲ್ಲಿ ಶಬರಿಮಲೆಯ ಗುಡಿಗೆ ಸುಮಾರು 30 ಕಿಲೊ ಚಿನ್ನ ಹೊದಿಸಿದರು. 2005ರಲ್ಲಿ ವಿಮಾನ ಹಾರಿಸಿದರು, 2012ರಲ್ಲಿ ಅದು ನಿಂತಿತು. ತಿಂಗಳುಗಟ್ಟಲೆ ಸಂಬಳ ಸಿಗದ ನೌಕರನೊಬ್ಬನ ಹೆಂಡತಿ ದೆಹಲಿಯಲ್ಲಿ ಜೀವ ಕಳಕೊಂಡಳು. 2015ರ ಡಿಸೆಂಬರಿನಲ್ಲಿ ಧಣಿಯ ಅರವತ್ತನೇ ಹುಟ್ಟುಹಬ್ಬ ಗೋವಾದಲ್ಲಿ ವಿದೇಶಿ ಹಾಡುಗಾರನ ಹಾಡಿನೊಂದಿಗೆ ನಡೀತು. 2016ರ ಮಾರ್ಚ್ 2ಕ್ಕೆ ದೇಶ ಬಿಟ್ಟರು. ಆಗ ಅವರು ನಮ್ಮ ರಾಜ್ಯದಿಂದಲೇ ಆರಿಸಿಹೋದ ರಾಜ್ಯಸಭಾ ಸದಸ್ಯ. 2025ರಲ್ಲಿ ಒಂದು ಸಂದರ್ಶನದಲ್ಲಿ ನಾಲ್ಕು ಗಂಟೆ ಮಾತಾಡಿ, ಓಡಿಹೋದವ ಅನ್ನಿ, ಕಳ್ಳ ಅನ್ನಬೇಡಿ ಅಂದರು. ಅವರ ಆಸ್ತಿಯಿಂದ 14 ಸಾವಿರ ಕೋಟಿಗೂ ಹೆಚ್ಚು ಬ್ಯಾಂಕುಗಳಿಗೆ ವಾಪಸ್ ಬಂದಿದೆ ಅಂತ ಸರಕಾರವೂ ಹೇಳಿದೆ. ಹಾಗಾದರೆ ಬಾಕಿ ಏನು? ಬಾಕಿ ಇರೋದು ಸಂಬಳ. ಬಾಕಿ ಇರೋದು ಆ ಹೆಂಗಸು. ಅವರ ನಾಲ್ಕು ಗಂಟೆಯ ಲೆಕ್ಕದಲ್ಲಿ ಇದು ಕೂಡಿ ಬರೋದಿಲ್ಲ.

ಆ ಶಬರಿಮಲೆಯ ಚಿನ್ನ ಏನಾಯ್ತು ಗೊತ್ತುಂಟಾ? 2019ರಲ್ಲಿ ದ್ವಾರಪಾಲಕರ ಮೂರ್ತಿಯ ಚಿನ್ನದ ಹೊದಿಕೆಯನ್ನ ತಾಮ್ರ ಅಂತ ಬರೆದು ಹೊರಗೆ ಕಳಿಸಿದ್ದು 2025ರಲ್ಲಿ ಬಯಲಾಗಿ, ಹೈಕೋರ್ಟಿನ ಆದೇಶದ ಮೇಲೆ ತನಿಖೆ ಶುರುವಾಯ್ತು. ಲೆಕ್ಕ ಕೇಳುವವರಿಲ್ಲದ ಕಡೆ ದೇವರ ಚಿನ್ನವೂ ತಾಮ್ರ ಆಗ್ತದೆ.

ಗೆಳೆಯರೆ, ಧಣಿ ಒಬ್ಬನೇ ಇಷ್ಟು ದೊಡ್ಡ ಸುಳ್ಳು ಹೊರಲಾರ. ಲೆಕ್ಕ ಪರಿಶೋಧಕ ಸಹಿ ಹಾಕ್ತಾನೆ. ಮ್ಯಾನೇಜರ ಕಣ್ಣು ಮುಚ್ಚಿಕೊಳ್ತಾನೆ. ಪಕ್ಷಗಳು ಚಂದಾ ತಗೊಳ್ತವೆ. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಅಂತ ಮುಚ್ಚಿಡುವ ಚುನಾವಣಾ ಬಾಂಡನ್ನ ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ರದ್ದು ಮಾಡುವ ತನಕ ಅದು ಕಾನೂನೇ ಆಗಿತ್ತು. ನಮ್ಮ ಕರಾವಳಿಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಅದಿರು ಹಡಗು ಹತ್ತಿ ಹೋಯ್ತು. ಅದು ಕಿಸೆಯಲ್ಲಿ ಹಾಕಿಕೊಂಡು ಹೋಗುವ ಮಾಲಲ್ಲ. 2024ರ ಅಕ್ಟೋಬರಿನಲ್ಲಿ ಕೋರ್ಟು ಕಾರವಾರದ ಶಾಸಕ ಸತೀಶ್ ಸೈಲ್ ಜೊತೆಗೆ ಬಂದರಿನ ಅಧಿಕಾರಿಗೂ ಶಿಕ್ಷೆ ಹೇಳಿತು. ನವೆಂಬರಿನಲ್ಲಿ ಹೈಕೋರ್ಟು ಶಾಸಕರ ಶಿಕ್ಷೆಯನ್ನ ಅಮಾನತಿನಲ್ಲಿಟ್ಟಿತು. ಬಂದರಿನ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ಹತ್ತು ಜನ ಸುಮ್ಮನಿದ್ದರೆ ಮಾತ್ರ ಒಂದು ಹಡಗು ತುಂಬ್ತದೆ.

ಈಗ ನಿಮ್ಮ ಊರಿಗೇ ಬರ್ತೇವೆ. ಸೀತಾ, ಸ್ವರ್ಣಾ ಹೊಳೆಗಳು ಕಡಲು ಸೇರುವ ಈ ಅಳಿವೆಯ ದಡದಲ್ಲಿ ಹಡಗು ಕಟ್ಟುವ ಯಾರ್ಡ್ ಇದೆ. ಟೆಬ್ಮಾ ಅನ್ನುವ ಖಾಸಗಿ ಕಂಪೆನಿಯದಾಗಿತ್ತು. ಅಲ್ಲಿ ಕಳ್ಳತನ ನಡೀತು ಅಂತ ನಾವು ಹೇಳ್ತಾ ಇಲ್ಲ. ಸಾಲ ಹೊರಲಾರದೆ ಕಂಪೆನಿ ದಿವಾಳಿ ಕಾನೂನಿನ ಕಟ್ಟೆ ಹತ್ತಿತು ಅಷ್ಟೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನ ವಹಿಸಿಕೊಂಡಿತು. 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಂತ ಹೆಸರಾಯ್ತು. 2023ರಲ್ಲಿ ನಾರ್ವೆ ದೇಶದ ಕಂಪೆನಿಯಿಂದ 3,800 ಟನ್‌ನ ಆರು ಹಡಗು ಕಟ್ಟುವ ಕೆಲಸ ಬಂತು.

ಇದರಲ್ಲಿ ಒಂದು ಪಾಠ ಇದೆ. ಧಣಿ ಇಲ್ಲದಿದ್ದರೆ ಉದ್ಯೋಗ ಇಲ್ಲ, ಧಣಿ ಮುಳುಗಿದರೆ ಊರೇ ಮುಳುಗ್ತದೆ ಅಂತ ಹೆದರಿಸ್ತಾರೆ. ಇಲ್ಲಿ ಕಂಪೆನಿ ಮುಳುಗಿತು. ಯಾರ್ಡ್ ಮುಳುಗಲಿಲ್ಲ. ಹೊಳೆ ಇತ್ತು, ದಡ ಇತ್ತು, ಕಬ್ಬಿಣ ಬೆಸೆಯಬಲ್ಲ ಕೈ ಇತ್ತು. ಬರೀ ಶ್ರಮದಿಂದಲೇ ಉದ್ಯಮಿ ಹುಟ್ಟೋದಾಗಿದ್ದರೆ ಈ ಅಳಿವೆಯಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸು ಎಂದೋ ಕೋಟ್ಯಧಿಪತಿ ಆಗಬೇಕಿತ್ತು. ಅವಳಿಗೆ ಇಲ್ಲದ್ದು ಶ್ರಮ ಅಲ್ಲ, ಬುದ್ಧಿಯೂ ಅಲ್ಲ. ಅಡವಿಡೋಕೆ ಭೂಮಿ, ಪರಿಚಯ ಮಾಡಿಸೋಕೆ ಜಾತಿ, ತಪ್ಪಿದರೆ ಎತ್ತಿ ಹಿಡಿಯೋಕೆ ನೆಂಟರು.

ಇದಕ್ಕೆ ಕೆಲವರು ಸುಲಭದ ಉತ್ತರ ಕೊಡ್ತಾರೆ. ನಮ್ಮವರೂ ನಾಲ್ಕು ಜನ ಧಣಿಗಳಾಗಲಿ, ಆಗ ಎಲ್ಲ ಸರಿಯಾಗ್ತದೆ ಅಂತ. ನಮ್ಮವರು ಉದ್ಯಮ ಮಾಡಲಿ, ಬ್ಯಾಂಕಿನ ಬಾಗಿಲು ಬಡಿದು ಸಾಲ ಕೇಳಲಿ. ಅದು ಹಕ್ಕು. ಆದರೆ ಮುಚ್ಚಿದ ಲೆಕ್ಕದ ಪುಸ್ತಕ ಯಾರ ಕಂಕುಳಲ್ಲಿದ್ದರೂ ಅದು ಮುಚ್ಚಿದ ಪುಸ್ತಕವೇ. ಧಣಿಯ ಜಾತಿ ಬದಲಾದರೆ ಸುಳ್ಳಿನ ಜಾತಿ ಬದಲಾಗೋದಿಲ್ಲ.

ಬಾಬಾಸಾಹೇಬರನ್ನ ಸಂವಿಧಾನ ಬರೆದವರು ಅಂತ ಮಾತ್ರ ನೆನೆದರೆ ಸಾಲದು. ಅವರು ಲೆಕ್ಕ ಓದಿದವರು. ಲಂಡನ್ನಿನಲ್ಲಿ ಅವರು ಡಾಕ್ಟರೇಟಿಗೆ ಬರೆದದ್ದು ರೂಪಾಯಿಯ ಸಮಸ್ಯೆಯ ಬಗ್ಗೆ, 1923ರಲ್ಲಿ ಅದು ಪುಸ್ತಕ ಆಯ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದು ರಾಜಕೀಯದಲ್ಲಿ ವ್ಯಕ್ತಿಪೂಜೆ ಬೇಡ ಅಂತ. ಇವತ್ತು ಆ ಮಾತನ್ನ ವ್ಯಾಪಾರಕ್ಕೂ ಹೇಳಬೇಕು. ಉದ್ಯಮಿಗೆ ಶಾಲು ಹೊದಿಸುವ ಮೊದಲು ಅವನ ಹತ್ತಿರ ದುಡಿದವರಿಗೆ ಸಂಬಳ ಸಂದಿದೆಯೋ ಅಂತ ಕೇಳಬೇಕು.

ಒಂದು ಹೋಲಿಕೆ ಹೇಳಿ ಮುಗಿಸ್ತೇವೆ. 2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿ ಸಾಮಾಜಿಕ ಲೆಕ್ಕ ಪರಿಶೋಧನೆ ಅಂತ ಬಂತು. ಹೊಂಡ ತೋಡಿದವಳ ಹೆಸರು, ಎಷ್ಟು ದಿನ, ಎಷ್ಟು ಕೂಲಿ ಅಂತ ಗ್ರಾಮಸಭೆಯಲ್ಲಿ ಎಲ್ಲರ ಎದುರು ಓದಿದರು. ಅವಳು ನಾಚಿಕೆ ಪಡಲಿಲ್ಲ, ಯಾಕೆಂದರೆ ಅವಳು ತೋಡಿದ ಹೊಂಡ ಅಲ್ಲೇ ಇತ್ತು. ಸಾವಿರ ಕೋಟಿ ಬಾಕಿದಾರರ ಹೆಸರು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಮಾತ್ರ ರಿಸರ್ವ್ ಬ್ಯಾಂಕು ಅದು ಗುಟ್ಟು ಅಂದಿತು. ನಿನ್ನ ಹೊಣೆ ಇರೋದು ಜನರಿಗೆ ಅಂತ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯ್ತು.

ನಾವು ಕೇಳೋದು ದೊಡ್ಡ ಕ್ರಾಂತಿಯ ಮಾತೇನಲ್ಲ. ನೂರು ರೂಪಾಯಿಯ ಲೆಕ್ಕ ಗ್ರಾಮಸಭೆಯಲ್ಲಿ ಓದಬಹುದಾದರೆ ನೂರು ಕೋಟಿಯ ಲೆಕ್ಕವನ್ನೂ ಓದಿ. ಸರಕಾರಿ ಜಾಗ, ಸರಕಾರಿ ಬ್ಯಾಂಕಿನ ಸಾಲ, ಸರಕಾರದ ರಿಯಾಯಿತಿ ತಗೊಂಡ ಪ್ರತಿ ಕಂಪೆನಿ ಕೊಟ್ಟದ್ದೆಷ್ಟು, ಬಾಕಿ ಎಷ್ಟು, ಸಂಬಳ ಎಷ್ಟು ಅಂತ ಅದು ಇರುವ ಊರಿನ ಸಭೆಯಲ್ಲಿ, ಕನ್ನಡದಲ್ಲಿ, ಗಟ್ಟಿಯಾಗಿ ಓದಬೇಕು. ನಮ್ಮ ಹುಡುಗರು, ಹುಡುಗಿಯರು ಲೆಕ್ಕ ಓದೋದನ್ನ ಕಲೀಬೇಕು. ಹಿಂದೆ ಧಣಿಯ ಕಡತ ಮುಟ್ಟಿದರೆ ಮೈಲಿಗೆ ಅಂತಿದ್ದರು. ಆ ಕಡತದಲ್ಲಿ ಏನಿತ್ತು ಅಂತ ಈಗ ಗೊತ್ತಾಗ್ತಾ ಇದೆ.

ಮುಂದಿನ ಗ್ರಾಮಸಭೆ ಯಾವತ್ತು ಅಂತ ಕೇಳಿ ಇಟ್ಟುಕೊಳ್ಳಿ. ಅವತ್ತು ಒಬ್ಬರಾದರೂ ಎದ್ದು ನಿಲ್ಲಿ.

ಜೈ ಭೀಮ್.